ತಟ್ಟೆಯ ಬೆನ್ನು

ನನ್ನ ಕೆಲಸ ಹಲ್ಲು ಮಾಡುವುದು.
ಕಂಕನಾಡಿಯ ಲ್ಯಾಬಿನಲ್ಲಿ ಬೆಳಿಗ್ಗೆ ಒಂಬತ್ತರಿಂದ
ಯಾರದೋ ಬಾಯಿಗೆ ಬಣ್ಣ ಹೊಂದಿಸಿ
ಪಿಂಗಾಣಿ ಪುಡಿಯನ್ನು ಕುಂಚದ ತುದಿಯಲ್ಲಿ ಕಲಸಿ
ಅಂಗೈಯಗಲದ ಕುಲುಮೆಯೊಳಗಿಟ್ಟು ಕಾಯುವುದು.
ಹಾಗಾಗಿ ಸಲೋಮಿ ದೊಡ್ಡಮ್ಮ ತೀರಿಕೊಂಡು
ಜೆಪ್ಪುವಿನ ಮನೆಯಿಂದ ತಟ್ಟೆಗಳ ಪೆಟ್ಟಿಗೆ ಬಂದಾಗ
ಎಲ್ಲರದೂ ಒಂದೇ ಮಾತು:
ನೀನೇ ನೋಡು ಮಾರಾಯ್ತಿ, ನಿನಗೆ ಗೊತ್ತಾಗ್ತದೆ.

ಹನ್ನೆರಡು ತಟ್ಟೆ. ಅಂಚಿಗೆ ನೀಲಿ ಬಳ್ಳಿ,
ಬಳ್ಳಿಯಲ್ಲಿ ನಮ್ಮ ಕಡೆ ಹೆಸರಿಲ್ಲದ ಹೂ.

ಮನೆಯ ಕತೆ ಹೀಗೆ:
ಬಟ್ಲರ್ ಶದ್ರಕಜ್ಜನ ಕೈರುಚಿಗೆ ಮೆಚ್ಚಿ
ಕಲೆಕ್ಟರ್ ದೊರೆ ಹಡಗು ಹತ್ತುವ ಮೊದಲು
ಬಂದರದ ಕಟ್ಟೆಯಲ್ಲಿ ಎಲ್ಲರೆದುರು ಸ್ವತಃ ಕೊಟ್ಟದ್ದು.
ರಾಣಿ ಪಟ್ಟಕ್ಕೆ ಬಂದ ವರ್ಷದ ಮಾಲು.
ಪ್ರತಿ ಕ್ರಿಸ್ಮಸ್ಸಿಗೆ ಆ ದೊರೆ
ಎರಡೆರಡು ಇಂಚು ಎತ್ತರ ಬೆಳೆಯುತ್ತಿದ್ದ.

ತಟ್ಟೆ ಮಗುಚಿದೆ.
ಹಸಿರು ಮುದ್ರೆ, ಕಿರೀಟ, ಅದರಡಿ
ಇಂಗ್ಲೆಂಡ್ ಎಂಬ ಒಂದೇ ಪದ.
ಆ ಪದ ಬೆನ್ನಿಗೆ ಬಿದ್ದದ್ದು
ಸಾವಿರದ ಎಂಟುನೂರ ತೊಂಬತ್ತೊಂದರ ಸುಮಾರಿಗೆ,
ಊರಿನ ಹೆಸರು ಬರೆಯಿರಿ ಎಂದು
ಅಮೆರಿಕದ ಸುಂಕದವರು ಹಟ ಹಿಡಿದ ಮೇಲೆ.
ಪಕ್ಕದಲ್ಲಿ ನೋಂದಣಿಯ ಆರು ಅಂಕಿ,
ಕೊನೆಯ ಎರಡು ಒರೆಸಿ ಹೋಗಿವೆ.
ರಾಣಿ ಪಟ್ಟಕ್ಕೆ ಬಂದಾಗ
ಇದರೊಳಗೆ ಸುಟ್ಟು ಬೆರೆಸಿದ ಮೂಳೆಯ ಎತ್ತು ಕೂಡ
ಇನ್ನೂ ಹುಟ್ಟಿರಲಿಲ್ಲ.

ಒಂದು ಕಡೆ ಬಳ್ಳಿಗೆ ಬಳ್ಳಿ ಕೂಡುವುದಿಲ್ಲ,
ಅಚ್ಚಿನ ಕಾಗದ ಅಂಟಿಸಿದ ಯಾವಳೋ
ಅವಸರದಲ್ಲಿದ್ದಳು.
ನಡುವೆ ಚಾಕುವಿನ ಸಣ್ಣ ಸಣ್ಣ ಗೀರು;
ನಮ್ಮ ಮನೆಯಲ್ಲಿ ಚಾಕುವಿನಿಂದ ಉಂಡವರಿಲ್ಲ.
ಗೀರಿನೊಳಗೆ ಹಳದಿ, ತೊಳೆದರೂ ಹೋಗದ್ದು;
ಅದು ನಮ್ಮದು, ಬಂಗುಡೆ ಸಾರಿನ ಅರಿಶಿನ.

ಟ್ಯೂಬ್‌ಲೈಟಿಗೆ ಹಿಡಿದೆ.
ಒಂದೊಂದರ ಹಿಂದೆಯೂ ನನ್ನ ಬೆರಳ ನೆರಳು,
ಎಳೆ ಹಲ್ಲಿನ ತುದಿಯಲ್ಲಿ ಬೆಳಕು ನಿಲ್ಲುವ ಹಾಗೆ.
ಹನ್ನೊಂದು ತಟ್ಟೆ ಹಾಗೆ.
ಹನ್ನೆರಡನೆಯದು ಕತ್ತಲು.

ಉಗುರಿನಿಂದ ತಟ್ಟಿದರೆ ಉಳಿದವು ಣಿಂಗ್ ಅನ್ನುತ್ತವೆ,
ಇದು ಟಪ್ಪೆಂದು ಸುಮ್ಮನಾಗುತ್ತದೆ.
ಮುದ್ರೆಯಿಲ್ಲ. ಚಾಕುವಿನ ಒಂದೇ ಒಂದು ಗೀರೂ ಇಲ್ಲ.
ಕೈಯಲ್ಲೇ ಬಿಡಿಸಿದ ನೀಲಿ ಬಳ್ಳಿ,
ಎಲೆ ದಪ್ಪ, ದುಂಡಗೆ. ನೋಡುತ್ತ ನೋಡುತ್ತ
ಇದು ಬಸಳೆ ಅಂತ ನಗು ಬಂತು.
ಅಂಚು ಒಡೆದಲ್ಲಿ, ಬಿಳಿಯ ಕೆಳಗೆ,
ಹಲ್ಲಿನ ಬುಡದ ಒಸಡಿನ ಹಾಗೆ
ಕೆಂಪು. ಹಂಚಿನ ಮಣ್ಣು.

ಮಲ್ಪೆಯ ಪ್ರಿಸಿಲ್ಲ ಚಿಕ್ಕಿಗೆ ಫೋನು ಮಾಡಿದೆ.
ತೊಂಬತ್ತೊಂದರ ಕಿವಿಗೆ ಮೂರು ಸಲ ಕೂಗಿದೆ.
ಅವರು ಬಹಳ ಹೊತ್ತು ಕೆಮ್ಮಿದರು.
ಅದು ದೆಬೋರಜ್ಜಿ ಮಾಡಿದ್ದು, ಅಂದರು.
ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚಿನ ಅಂಚು ತೀಡುತ್ತಿದ್ದಳಲ್ಲ,
ಗಂಡನ ಕೈಜಾರಿ ಒಂದು ಒಡೆದದ್ದಕ್ಕೆ
ರಾತ್ರಿಯ ಗೂಡಿನಲ್ಲಿ ಹಂಚುಗಳ ಸಂದಿಗೆ ಇಟ್ಟು ಸುಟ್ಟು ತಂದಳು.
ದೊರೆಸಾನಿ ಎಣಿಸುವವಳು. ಎಣಿಸಿದಳು, ಹನ್ನೆರಡು.
ಆಮೇಲೆ ಎತ್ತಿ ನೋಡಿದಳು.
ಹನ್ನೆರಡನ್ನೂ ಇವರ ತಲೆಗೆ ಕಟ್ಟಿ
ಹದಿನಾಲ್ಕು ತಿಂಗಳು ಸಂಬಳ ಹಿಡಿದಳು.
ಕೊಟ್ಟದ್ದೆಂತದು ಮಗಾ.

ಮತ್ತೆ ದೊರೆಯ ಕತೆ?
ಅದು ಶದ್ರಕಜ್ಜ ಮಾಡಿದ್ದು.

ರಾತ್ರಿ ಲ್ಯಾಬಿಗೆ ಹೋಗಿ
ಹದಿನಾರು ಬಿಳಿಗಳ ಮಾದರಿಪಟ್ಟಿ ಹಿಡಿದು ನೋಡಿದೆ,
ಯಾವುದೂ ಹೊಂದಲಿಲ್ಲ.
ಏನು ಬಳಿದಳೋ ಮಾರಾಯ್ತಿ,
ನೂರು ವರ್ಷ ತೊಳೆದರೂ ಬಿಟ್ಟಿಲ್ಲ.

ಭಾವ ಮತ್ತೆ ಕೇಳಿದರು, ಗಿರಾಕಿ ಕಾಯುತ್ತಿದ್ದಾನಂತೆ,
ಊರು, ವರ್ಷ, ಎಷ್ಟು, ಎಲ್ಲ ಬರೆದು ಕೊಡು ಅಂತ.
ಬರೆದೆ: ಇಂಗ್ಲೆಂಡ್,
ಸಾವಿರದ ಎಂಟುನೂರ ತೊಂಬತ್ತೈದರ ಆಸುಪಾಸು,
ತಟ್ಟೆ ಹನ್ನೊಂದು.